ಹಡಗು 1498ರದು, ಬಾವುಟ 1911ರದು

ಮಾನ್ಯ ಸಂಪಾದಕರೇ,

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಕಥೆ ಅಚ್ಚಾದಾಗಲೆಲ್ಲ ಪಕ್ಕದಲ್ಲೊಂದು ಹಡಗಿನ ಚಿತ್ರ ಇರುತ್ತದೆ. ಆ ಹಡಗಿನ ಕೂವೆಮರದ ತುದಿಯಲ್ಲಿ ಎಷ್ಟೋ ಸಲ ಹಾರಾಡುವುದು ಹಸಿರು-ಕೆಂಪು ಬಾವುಟ. ಗಾಮ ಬಂದದ್ದು 1498ರ ಮೇ ತಿಂಗಳಲ್ಲಿ. ಹಸಿರು-ಕೆಂಪು ಬಾವುಟಕ್ಕೆ ಪೋರ್ಚುಗಲ್ಲಿನ ಸಂವಿಧಾನ ಸಭೆ ಒಪ್ಪಿಗೆ ಕೊಟ್ಟದ್ದು 1911ರ ಜೂನ್ 19ರಂದು. ನಡುವೆ 413 ವರ್ಷ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅದು ರಾಜನನ್ನು ಗದ್ದುಗೆಯಿಂದ ಇಳಿಸಿದ ಗಣರಾಜ್ಯದ ಬಾವುಟ. ಗಾಮನನ್ನು ಕಳಿಸಿದ್ದು ರಾಜ ಒಂದನೇ ಮ್ಯಾನುಯೆಲ್.

ಇದರ ಜೊತೆಗೆ ಇನ್ನೆರಡು ಮಾತುಗಳು ಲೇಖನದಿಂದ ಲೇಖನಕ್ಕೆ ದಾಟುತ್ತಲೇ ಇವೆ. ಪೋರ್ಚುಗಲ್ ಲಾಂಛನದ ಐದು ನೀಲಿ ಗುರಾಣಿಗಳೆಂದರೆ ಸೋತ ಐವರು ಮೂರ್ (ಆ ನಾಡಿನ ಮುಸ್ಲಿಂ) ದೊರೆಗಳು. ಏಳು ಚಿನ್ನದ ಕೋಟೆಗಳೆಂದರೆ ಗೆದ್ದ ಏಳು ಕೋಟೆಗಳು. ಕೇಳಲು ಸೊಗಸಾಗಿದೆ. ಆದರೆ ಹಳೆಯ ಮುದ್ರೆ, ನಾಣ್ಯ, ಕಲ್ಲುಗಳನ್ನು ಮುಂದಿಟ್ಟುಕೊಂಡು ಎಣಿಸಿದರೆ ಎರಡೂ ನಿಲ್ಲುವುದಿಲ್ಲ. ಈ ಲಾಂಛನ ತನ್ನ ಕಾಲವನ್ನು ತಾನೇ ಹೇಳುತ್ತದೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಇದು ಯಾವ ಕಾಲದ್ದು, ಯಾವ ರಾಜನ ಆಸುಪಾಸಿನದು ಎಂದು ಹೇಳಿಬಿಡಬಹುದು. ಗೋವಾದ ಹಳೆಯ ಕಲ್ಲುಗಳನ್ನೂ ನಾಣ್ಯಗಳನ್ನೂ ನೋಡುವ ಕನ್ನಡ ಓದುಗರು ಬಹಳ ಮಂದಿ ಇರುವುದರಿಂದ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಇಂದಿನ ಗುರಾಣಿಯನ್ನು ಹತ್ತಿರದಿಂದ ನೋಡೋಣ. ಬಿಳಿ ಬಯಲು. ಅದರ ಮೇಲೆ ಐದು ಪುಟ್ಟ ನೀಲಿ ಗುರಾಣಿಗಳು, ಶಿಲುಬೆಯ ಆಕಾರದಲ್ಲಿ: ಮೇಲೊಂದು, ಕೆಳಗೊಂದು, ನಡುವೆ ಒಂದು, ಎಡಬಲಕ್ಕೆ ಒಂದೊಂದು. ಪ್ರತಿ ನೀಲಿ ಗುರಾಣಿಯೊಳಗೆ ಐದು ಬೆಳ್ಳಿ ಬಿಲ್ಲೆಗಳು, ಪಗಡೆಯ ದಾಳದಲ್ಲಿ ಐದು ಬಿದ್ದ ಹಾಗೆ. ಒಟ್ಟು 25 ಬಿಲ್ಲೆ. ಸುತ್ತಲೂ ಕೆಂಪು ಅಂಚುಪಟ್ಟಿ, ಅದರಲ್ಲಿ ಏಳು ಚಿನ್ನದ ಕೋಟೆಗಳು: ಮೇಲಂಚಿನಲ್ಲಿ ಮೂರು, ಪಕ್ಕಗಳಲ್ಲಿ ಒಂದೊಂದು, ಕೆಳಗಿನ ಬಾಗಿನಲ್ಲಿ ಎರಡು. ಐದೈದರ ಈ ಗುಂಪಿಗೆ ಪೋರ್ಚುಗೀಸರು ಕಿನಾಸ್ ಎನ್ನುತ್ತಾರೆ. ಲಾಂಛನಶಾಸ್ತ್ರದಲ್ಲಿ ಬೆಳ್ಳಿಯೂ ಬಿಳಿಯೂ ಒಂದೇ, ಚಿನ್ನವೂ ಹಳದಿಯೂ ಒಂದೇ. ಬೆಳ್ಳಿ-ಚಿನ್ನಗಳು ಲೋಹದ ಗುಂಪು. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಬಣ್ಣದ ಗುಂಪು. ಲೋಹದ ಮೇಲೆ ಲೋಹವಾಗಲಿ ಬಣ್ಣದ ಮೇಲೆ ಬಣ್ಣವಾಗಲಿ ಕೂರಬಾರದು, ದೂರದಿಂದ ಎದ್ದು ಕಾಣುವುದಿಲ್ಲ ಎಂಬುದೇ ಕಾರಣ. ಯುದ್ಧಭೂಮಿಯಲ್ಲಿ ಮುಖ ಕಾಣದ ಸವಾರನನ್ನು ಗುರಾಣಿಯಿಂದಲೇ ಗುರುತಿಸಬೇಕಿದ್ದ ಕಾಲದ ನಿಯಮ ಅದು. ಬಿಳಿಯ ಮೇಲೆ ನೀಲಿ, ನೀಲಿಯ ಮೇಲೆ ಬೆಳ್ಳಿ, ಕೆಂಪಿನ ಮೇಲೆ ಚಿನ್ನ: ಪೋರ್ಚುಗಲ್ ಗುರಾಣಿ ಈ ನಿಯಮವನ್ನು ಎಲ್ಲೂ ಮುರಿದಿಲ್ಲ.

ನಮ್ಮ ಲಾಂಛನಗಳ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದರೆ ಗೊಂದಲವಾಗುತ್ತದೆ. ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಕದಂಬರಿಗೆ ಸಿಂಹ. ವಂಶ ಬದಲಾದರೆ ಲಾಂಛನವೂ ಬದಲಾಗುತ್ತಿತ್ತು. ಪೋರ್ಚುಗಲ್ಲಿನಲ್ಲಿ ಹಾಗಾಗಲಿಲ್ಲ. ಬರ್ಗಂಡಿ ವಂಶ, ಆವಿಸ್ ವಂಶ, ಸ್ಪೇನಿನ ಫಿಲಿಪ್‌ಗಳು, ಬ್ರಗಾನ್ಸಾ ವಂಶ, ಹೀಗೆ ನಾಲ್ಕು ಮನೆತನಗಳು ಒಂದೇ ಗುರಾಣಿಯನ್ನು ಕೈಯಿಂದ ಕೈಗೆ ದಾಟಿಸಿದವು. ವಂಶ ಬದಲಾದಾಗ ಗುರಾಣಿಗೆ ಏನೋ ಸೇರಿತು, ಇಲ್ಲವೇ ಏನೋ ಕಳೆಯಿತು. ಕಾಲ ನಿರ್ಣಯಕ್ಕೆ ನೆರವಾಗುವುದು ಈ ಸೇರ್ಪಡೆ-ಕಳೆತಗಳೇ.

ಪೋರ್ಚುಗಲ್ಲಿನ ಮೊದಲ ರಾಜ ಅಫೊನ್ಸೊ ಹೆನ್ರಿಕ್ಸ್. 1139ರ ಜುಲೈ 25ರಂದು ಒರಿಕ್ ಎಂಬಲ್ಲಿ ಮೂರ್ ಸೈನ್ಯವನ್ನು ಸೋಲಿಸಿದ. 1143ರಲ್ಲಿ ನೆರೆಯ ಲಿಯೋನಿನ ದೊರೆ ಅವನನ್ನು ರಾಜನೆಂದು ಒಪ್ಪಿದ ಝಮೋರಾ ಒಪ್ಪಂದವಾಯಿತು. 1179ರಲ್ಲಿ ಪೋಪರ ಮಾನ್ಯತೆ ಸಿಕ್ಕಿತು. ಯುದ್ಧದ ಹಿಂದಿನ ರಾತ್ರಿ ಅವನಿಗೆ ಕ್ರಿಸ್ತನ ದರ್ಶನವಾಯಿತು, ಐವರು ದೊರೆಗಳನ್ನು ಗೆದ್ದ ನೆನಪಿಗೆ ಐದು ಗುರಾಣಿ ಇಟ್ಟ, ಬಿಲ್ಲೆಗಳು ಕ್ರಿಸ್ತನ ಐದು ಗಾಯಗಳು ಎನ್ನುವುದು ಐತಿಹ್ಯ. ಕ್ರಿಸ್ತನನ್ನು ಹಿಡಿದುಕೊಟ್ಟ ಯೂದ ಪಡೆದ ಮೂವತ್ತು ಬೆಳ್ಳಿ ನಾಣ್ಯಕ್ಕೂ ಲೆಕ್ಕ ಹೊಂದಿಸುತ್ತಾರೆ. 25 ಬಿಲ್ಲೆ ಮೂವತ್ತಾಗಬೇಕಾದರೆ ನಡುವಿನ ಗುರಾಣಿಯ ಐದನ್ನು ಎರಡು ಸಲ ಎಣಿಸಬೇಕು. ದರ್ಶನದ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು 15ನೇ ಶತಮಾನದಲ್ಲಿ. ಇತಿಹಾಸಕಾರ ಅಲೆಶಾಂದ್ರೆ ಎರ್ಕುಲಾನು 1846ರಲ್ಲಿ ಇದನ್ನು ಇತಿಹಾಸವೆಂದು ಒಪ್ಪದೆ ಹೋದಾಗ ಪಾದ್ರಿಗಳೊಂದಿಗೆ ದೊಡ್ಡ ವಾಗ್ವಾದವೇ ನಡೆಯಿತು. ಐತಿಹ್ಯಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಸಾಕ್ಷಿ ಗುರಾಣಿಯಲ್ಲೇ ಇದೆ. 1185ರಲ್ಲಿ ಪಟ್ಟಕ್ಕೆ ಬಂದ ಮಗ ಒಂದನೇ ಸಾಂಚೋನ ಕಾಲದಿಂದ ಐದು ಗುರಾಣಿಗಳು ಸ್ಪಷ್ಟವಾಗಿ ಸಿಗುತ್ತವೆ. ಆದರೆ ಅವುಗಳೊಳಗಿನ ಬಿಲ್ಲೆಗಳು ಐದಲ್ಲ. ಹತ್ತು, ಹನ್ನೊಂದು, ಜಾಗ ಇದ್ದಷ್ಟು ಚೆಲ್ಲಿದ ಹಾಗಿವೆ. ಐದು ಗಾಯಗಳೇ ಮೂಲವಾಗಿದ್ದರೆ ಮೊದಲ ಮುದ್ರೆಯಿಂದಲೇ ಐದು ಇರಬೇಕಿತ್ತು.

ಬಿಲ್ಲೆಗಳು ಎಲ್ಲಿಂದ ಬಂದವು ಎಂಬುದಕ್ಕೆ ಲಾಂಛನಶಾಸ್ತ್ರಜ್ಞರು ಮುಂದಿಡುವ ಒಂದು ಊಹೆ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆ ಕಾಲದ ಗುರಾಣಿ ಮರದ್ದು, ಮೇಲೆ ತೊಗಲು. ಅಫೊನ್ಸೊ ಹೆನ್ರಿಕ್ಸನ ತಂದೆ ಬರ್ಗಂಡಿಯ ಹೆನ್ರಿಯದೆಂದು ಹೇಳುವ ನೀಲಿ ಶಿಲುಬೆ ಬಿಳಿ ಗುರಾಣಿಯ ಮೇಲೆ ತೊಗಲಿನ ಪಟ್ಟಿಯಾಗಿ, ಬೆಳ್ಳಿಯ ಬಣ್ಣದ ಮೊಳೆಗಳಿಂದ ಬಿಗಿದು ಕೂತಿತ್ತು. ಕತ್ತಿಯ ಪೆಟ್ಟು ತಿಂದ ಪಟ್ಟಿ ಅಲ್ಲಲ್ಲಿ ಹರಿದು, ಮೊಳೆ ಹಿಡಿದಿದ್ದ ಕಡೆ ಮಾತ್ರ ತುಂಡುಗಳು ಉಳಿದವು. ನೀಲಿ ತುಂಡು, ಅದರ ಮೇಲೆ ಮೊಳೆಯ ತಲೆಗಳು. ಅಪ್ಪ ಅಫೊನ್ಸೋನ ಜರ್ಜರಿತ ಗುರಾಣಿಯ ರೂಪವನ್ನೇ ಮಗ ಸಾಂಚೋ ಗೌರವದಿಂದ ಉಳಿಸಿಕೊಂಡ. ಊಹೆಯೇ ಆದರೂ, ಬಿಲ್ಲೆಗಳ ಸಂಖ್ಯೆ ಏಕೆ ನಿಶ್ಚಿತವಿರಲಿಲ್ಲ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ.

ಈ ಕಾಲದ ಗುರುತು ಇನ್ನೊಂದುಂಟು, ಕಾಲ ಹೇಳುವುದಕ್ಕೆ ಅದೇ ಅತ್ಯಂತ ಉಪಯುಕ್ತ. ಎಡಬಲದ ಎರಡು ನೀಲಿ ಗುರಾಣಿಗಳು ಆಗ ನೆಟ್ಟಗೆ ನಿಂತಿರಲಿಲ್ಲ, ಮಲಗಿದ್ದವು: ಅವುಗಳ ಚೂಪುತುದಿ ನಡುವಿನ ಗುರಾಣಿಯತ್ತ ತಿರುಗಿರುತ್ತಿತ್ತು. ಈ 'ಮಲಗಿದ' ಗುರಾಣಿಗಳು ನೂರಾರು ವರ್ಷ ಹಾಗೇ ಉಳಿದವು. ಅವು ಯಾವಾಗ ಎದ್ದು ನಿಂತವು ಎಂಬುದನ್ನು ಮುಂದೆ ಹೇಳುತ್ತೇವೆ.

ಈಗ ಕೋಟೆಗಳು. ದಕ್ಷಿಣದ ಅಲ್ಗಾರ್ವ್ ಪ್ರದೇಶದ ಏಳು ಕೋಟೆಗಳನ್ನು ಮೂರನೇ ಅಫೊನ್ಸೊ ಗೆದ್ದ, ಅದಕ್ಕೇ ಏಳು ಎನ್ನುವುದು ಪ್ರಚಲಿತ ವಿವರಣೆ. 1249ರಲ್ಲಿ ಫಾರೊ ಪಟ್ಟಣ ಅವನ ವಶವಾದದ್ದು ನಿಜ. ಆದರೆ ಅವನು ಪಟ್ಟಕ್ಕೆ ಬಂದ ಬಗೆಯನ್ನು ನೋಡಿ. ಅವನು ಎರಡನೇ ಅಫೊನ್ಸೋನ ಹಿರಿಯ ಮಗನಲ್ಲ. ಅಣ್ಣ ಎರಡನೇ ಸಾಂಚೋನನ್ನು 1245ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಆಡಳಿತದಿಂದ ಇಳಿಸಿದರು. ತಮ್ಮ ಫ್ರಾನ್ಸಿನ ಕಡೆಯಿಂದ ಬಂದು ಅಧಿಕಾರ ಹಿಡಿದ. ಅಣ್ಣ 1248ರಲ್ಲಿ ತೊಲೆದೊದಲ್ಲಿ ತೀರಿಕೊಂಡ ಮೇಲೆ ರಾಜನೆನಿಸಿಕೊಂಡ. ತಂದೆಯ ಗುರಾಣಿಯನ್ನು ಯಾವ ಬದಲಾವಣೆಯೂ ಇಲ್ಲದೆ ಹಿಡಿಯುವ ಹಕ್ಕು ಹಿರಿಯ ಮಗನದು ಮಾತ್ರ. ಕಿರಿಯ ಮಗ ಏನಾದರೊಂದು ವ್ಯತ್ಯಾಸ ತೋರಿಸಬೇಕು. ಅಂಚು ಕಟ್ಟುವುದು ಅದಕ್ಕಿದ್ದ ಸಾಮಾನ್ಯ ದಾರಿ. ಅಫೊನ್ಸೋನ ತಾಯಿ ಉರ್ರಾಕಾ ನೆರೆರಾಜ್ಯ ಕಾಸ್ತೀಲಿನ (ಇಂದು ಸ್ಪೇನಿನ ಭಾಗ) ರಾಜ ಎಂಟನೇ ಅಲ್ಫೊನ್ಸೋನ ಮಗಳು. ಕಾಸ್ತೀಲಿನ ಲಾಂಛನ ಕೆಂಪಿನ ಮೇಲೆ ಚಿನ್ನದ ಕೋಟೆ; ಆ ನಾಡಿನ ಹೆಸರೇ ಕೋಟೆಯಿಂದ ಬಂದದ್ದು. ಕೆಂಪು ಅಂಚು, ಚಿನ್ನದ ಕೋಟೆಗಳು: ಬಣ್ಣಕ್ಕೆ ಬಣ್ಣ ತಾಳೆಯಾಗುತ್ತದೆ. ಅಂದರೆ ಇದು ತಾಯಿಯ ತವರಿನ ಗುರುತು, ಕಿರಿಯ ಮಗನ ಅಂಚು. ಪಟ್ಟವೇರಿದ ಮೇಲೂ ಅವನು ಅದನ್ನು ಬಿಡಲಿಲ್ಲ. ಅವನ ನಂತರದವರೆಲ್ಲ ಅದನ್ನೇ ಮುಂದುವರಿಸಿದರು.

ಸಂಖ್ಯೆಯೂ ಇದನ್ನೇ ಹೇಳುತ್ತದೆ. ಮೊದಮೊದಲ ಅಂಚಿನಲ್ಲಿ ಕೋಟೆಗಳು ಏಳಲ್ಲ; ಕೆತ್ತುವವನಿಗೆ ಜಾಗ ಇದ್ದಷ್ಟು, ಹತ್ತೋ ಹನ್ನೆರಡೋ ಅದಕ್ಕೂ ಹೆಚ್ಚೋ. ಏಳು ಎಂದು ನೆಲೆನಿಂತದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಫಾರೊ ವಶವಾಗಿ ಮುನ್ನೂರು ವರ್ಷಗಳ ಮೇಲೆ. ಏಳು ಕೋಟೆಗಳ ಪಟ್ಟಿಯನ್ನು ಹೊಂದಿಸಿದ್ದು ಆ ನಂತರ. ಈ ಒಂದು ವಿಷಯವನ್ನಾದರೂ ನಿಮ್ಮ ಲೇಖಕರು ಗಮನಿಸಬೇಕೆಂದು ಕೇಳಿಕೊಳ್ಳುತ್ತೇವೆ, ಏಕೆಂದರೆ ತಾಯಿಯ ಕಡೆಯ ನಂಟನ್ನು ಅಳಿಸಿ ಅಲ್ಲಿ ದಂಡಯಾತ್ರೆಯನ್ನು ಕೂರಿಸಿದಾಗ ಉರ್ರಾಕಾ ಎಂಬ ರಾಣಿಯೇ ಇತಿಹಾಸದಿಂದ ಮರೆಯಾಗುತ್ತಾಳೆ.

1385ರಲ್ಲಿ ಒಂದನೇ ಜುವಾಂವ್ ರಾಜನಾದ. ಅವನು ಒಂದನೇ ಪೆದ್ರುವಿನ ವಿವಾಹೇತರ ಮಗ, ಆವಿಸ್ ಎಂಬ ಸೈನಿಕ-ಸನ್ಯಾಸಿ ಪಂಥದ ಮುಖ್ಯಸ್ಥ. ಅದೇ ವರ್ಷ ಆಗಸ್ಟ್ 14ರಂದು ಅಲ್ಜುಬರೋಟಾದಲ್ಲಿ ಕಾಸ್ತೀಲಿನ ಸೈನ್ಯವನ್ನು ಸೋಲಿಸಿ ಗದ್ದುಗೆ ಗಟ್ಟಿ ಮಾಡಿಕೊಂಡ. ಆವಿಸ್ ಪಂಥದ ಗುರುತು ಹಸಿರು ಶಿಲುಬೆ, ಅದರ ನಾಲ್ಕು ತುದಿಗಳೂ ಲಿಲ್ಲಿ ಹೂವಿನಂತೆ ಅರಳಿರುತ್ತವೆ. ಜುವಾಂವ್ ಈ ಶಿಲುಬೆಯನ್ನು ಗುರಾಣಿಯ ಹಿಂದೆ ಇಟ್ಟ ಹಾಗೆ ಮಾಡಿ, ನಾಲ್ಕು ಹಸಿರು ತುದಿಗಳು ಮಾತ್ರ ಕೆಂಪು ಅಂಚಿನ ಮೇಲೆ ಇಣುಕುವಂತೆ ಬಿಟ್ಟ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಕೋಟೆಗಳ ನಡುನಡುವೆ ಹಸಿರು ಲಿಲ್ಲಿಯ ಮೊನೆಗಳು ಕಂಡರೆ ಆ ವಸ್ತು 1385ಕ್ಕಿಂತ ಹಿಂದಿನದಲ್ಲ. ಶಿರಸ್ತ್ರಾಣದ ಮೇಲೆ ಹಸಿರು ಡ್ರ್ಯಾಗನ್ ಕೂತದ್ದೂ ಈ ರಾಜನಿಂದಲೇ. ಇವನ ಹೆಂಡತಿ ಲಂಕಾಸ್ಟರಿನ ಫಿಲಿಪ್ಪಾ, ಇಂಗ್ಲೆಂಡಿನವಳು. ಮಕ್ಕಳು ತಂದೆಯ ಗುರಾಣಿಯ ನೆತ್ತಿಗೆ ಇಂಗ್ಲಿಷ್ ಪದ್ಧತಿಯಂತೆ ಇಳಿಬಿದ್ದ ಹಲ್ಲುಗಳ ಪಟ್ಟಿ ಕಟ್ಟಿ ಒಬ್ಬರಿಂದೊಬ್ಬರು ಬೇರೆಯಾಗಿ ಕಾಣುವಂತೆ ಮಾಡಿಕೊಂಡರು. ಬಟಾಲಿಯಾ ಮಠದ ಸ್ಥಾಪಕರ ಗುಡಿಯಲ್ಲಿರುವ ಅವರ ಗೋರಿಗಳ ಮೇಲೆ ಇದನ್ನು ಕಾಣಬಹುದು. ನಾವಿಕ ಹೆನ್ರಿ ಎಂದು ಹೆಸರಾದ ರಾಜಕುಮಾರನೂ ಅಲ್ಲೇ ಮಲಗಿದ್ದಾನೆ.

ನೂರು ವರ್ಷ ಕಳೆಯಿತು. 1485ರಲ್ಲಿ ಎರಡನೇ ಜುವಾಂವ್ ಲಾಂಛನವನ್ನು ಶುದ್ಧ ಮಾಡಿದ. ಆವಿಸ್ ಶಿಲುಬೆಯ ತುದಿಗಳನ್ನು ತೆಗೆಸಿದ: ಪಂಥವೊಂದರ ಗುರುತು ರಾಜ್ಯದ ಗುರಾಣಿಯೊಳಗೆ ಇರಬಾರದು ಎಂಬುದು ಇದರ ಹಿಂದಿನ ವಿಚಾರ. ಮಲಗಿದ್ದ ಎರಡು ಗುರಾಣಿಗಳನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿದ. ಬಿಲ್ಲೆಗಳು ಐದೈದಾಗಿ ದಾಳದ ಮಾದರಿಗೆ ಬಂದು ನಿಂತವು. ಇಡೀ ಎಂಟು ಶತಮಾನಗಳ ಸರಣಿಯಲ್ಲಿ ಇಷ್ಟು ಖಚಿತವಾದ ಗಡಿ ಬೇರೊಂದಿಲ್ಲ. ಪಕ್ಕದ ಗುರಾಣಿಗಳು ಮಲಗಿದ್ದರೆ 1485ರ ಹಿಂದೆ, ನಿಂತಿದ್ದರೆ ಮುಂದೆ.

ಇದು ಪುಸ್ತಕದ ಮಾತಷ್ಟೇ ಅಲ್ಲ ಎಂಬುದಕ್ಕೆ ಆಫ್ರಿಕದ ಕರಾವಳಿಯ ಕಂಬಗಳು ಸಾಕ್ಷಿ. ಹೊಸ ತೀರ ಕಂಡಲ್ಲಿ ನೆಡಲು ಲಿಸ್ಬನ್ನಿನಿಂದಲೇ ಕಲ್ಲಿನ ಕಂಬಗಳನ್ನು ಹಡಗಿನಲ್ಲಿ ಒಯ್ಯುತ್ತಿದ್ದರು. ಅವಕ್ಕೆ ಪದ್ರಾಂವ್ ಎಂದು ಹೆಸರು: ಕಂಬ, ಅದರ ಮೇಲೆ ರಾಜಲಾಂಛನ ಕೆತ್ತಿದ ಚೌಕ ಕಲ್ಲು, ತುದಿಗೆ ಶಿಲುಬೆ. ದಿಯೋಗು ಕಾಂವ್ ಎಂಬ ನಾವಿಕ ಎರಡು ಯಾನ ಮಾಡಿದ. 1482ರಲ್ಲಿ ಹೊರಟ ಮೊದಲ ಯಾನದ ಕಂಬದ ಮೇಲಿರುವುದು ಹಳೆಯ ಲಾಂಛನ, ಆವಿಸ್ ತುದಿಗಳೊಂದಿಗೆ. ಎರಡನೇ ಯಾನದಲ್ಲಿ ಇಂದಿನ ನಮೀಬಿಯಾದ ಕೇಪ್ ಕ್ರಾಸ್‌ನಲ್ಲಿ ನೆಟ್ಟ ಕಂಬದಲ್ಲಿ ತಿದ್ದಿದ ಲಾಂಛನ. ಆ ಕಂಬದ ಬರಹ ಸೃಷ್ಟಿಯಾದ 6685ನೇ ವರ್ಷ, ಕ್ರಿಸ್ತ ಹುಟ್ಟಿದ 1485ನೇ ವರ್ಷ ಎಂದು ಕಾಲವನ್ನೂ ಹೇಳುತ್ತದೆ. ಬರಹವೂ ಲಾಂಛನವೂ ಒಂದೇ ವರ್ಷದತ್ತ ಬೆರಳು ಮಾಡುತ್ತವೆ. ಬರಹ ಪೂರ್ತಿ ಸವೆದುಹೋಗಿದ್ದರೂ, ಪಕ್ಕದ ಗುರಾಣಿಗಳ ನಿಲುವಿನಿಂದಲೇ ಇದು ಎರಡನೇ ಯಾನದ ಕಂಬ ಎಂದು ಹೇಳಬಹುದಿತ್ತು. ಮೂರೂವರೆ ಮೀಟರ್ ಎತ್ತರದ ಆ ಕಲ್ಲನ್ನು 1893ರಲ್ಲಿ ಜರ್ಮನರು ಕಿತ್ತೊಯ್ದರು. ಮರಳಿ ನಮೀಬಿಯಾಕ್ಕೆ ಕೊಡುವ ತೀರ್ಮಾನ 2019ರಲ್ಲಿ ಆಯಿತು.

ಭಾರತಕ್ಕೆ ಬಂದದ್ದೆಲ್ಲ 1498ರ ಮೇಲಿನದು. ಹಾಗಾಗಿ ಗೋವಾದ ಕಲ್ಲೊಂದರಲ್ಲಿ ಪಕ್ಕದ ಗುರಾಣಿಗಳು ಮಲಗಿದಂತೆ ಕಂಡರೆ ಕಲ್ಲು ಬಹಳ ಹಳೆಯದೆಂದು ಹಿಗ್ಗುವ ಮೊದಲು, ಹಳೆಯ ಮಾದರಿ ನೋಡಿ ಕೆತ್ತಿದ್ದೇ, ಇಲ್ಲವೇ ಸವೆತದಿಂದ ಹಾಗೆ ಕಾಣುತ್ತಿದೆಯೇ ಎಂದು ಪರೀಕ್ಷಿಸಬೇಕು.

ಒಂದನೇ ಮ್ಯಾನುಯೆಲ್ ಪಟ್ಟಕ್ಕೆ ಬಂದದ್ದು 1495ರಲ್ಲಿ. ಅವನ ಸ್ವಂತ ಗುರುತು ಗೋಲಯಂತ್ರ: ಬಳೆಗಳನ್ನು ಒಂದರೊಳಗೊಂದು ಕೂರಿಸಿದ, ಓರೆಯಾಗಿ ಅಗಲ ಪಟ್ಟಿಯೊಂದು ಸುತ್ತಿದ, ಗ್ರಹಗಣಿತದ ಉಪಕರಣ. ಪಟ್ಟ ಸಿಗುವ ಮೊದಲೇ ಎರಡನೇ ಜುವಾಂವ್ ಇದನ್ನು ಅವನಿಗೆ ಕೊಟ್ಟಿದ್ದ. ಇಲ್ಲೇ ಹಲವರು ಎಡವುತ್ತಾರೆ. ಮ್ಯಾನುಯೆಲ್ ಕಾಲದಲ್ಲಿ ಗೋಲಯಂತ್ರ ರಾಜಲಾಂಛನದ ಭಾಗವಲ್ಲ. ಅದು ಗುರಾಣಿಯ ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬಾಗಿಲ ಒಂದು ಬದಿಗೆ ಕಿರೀಟ ಹೊತ್ತ ಗುರಾಣಿ, ಇನ್ನೊಂದು ಬದಿಗೆ ಗೋಲಯಂತ್ರ. 1510ರಲ್ಲಿ ಗೋವಾ ಹಿಡಿದ ಅಫೊನ್ಸೊ ಡಿ ಅಲ್ಬುಕರ್ಕ್ ಅಲ್ಲಿ ಹೊಡೆಸಿದ ಬೆಳ್ಳಿ ನಾಣ್ಯದ ಒಂದು ಮೈಯಲ್ಲಿ ಕ್ರಿಸ್ತ ಪಂಥದ (ಆವಿಸ್‌ನಂತೆಯೇ ಒಂದು ಸೈನಿಕ-ಸನ್ಯಾಸಿ ಪಂಥ) ಶಿಲುಬೆ, ಇನ್ನೊಂದರಲ್ಲಿ ಈ ಗೋಲ. ನಾಣ್ಯಕ್ಕೆ 'ಎಸ್ಪೆರಾ' ಎಂಬ ಹೆಸರು ಬಂದದ್ದೇ ಗೋಲದಿಂದ. ಗುರಾಣಿ ಗೋಲದ ಮೇಲೆಯೇ ಕೂತದ್ದು ಮುನ್ನೂರು ವರ್ಷಗಳ ನಂತರ.

ಲಾಂಛನದ ವಿಷಯದಲ್ಲಿ ಮ್ಯಾನುಯೆಲ್ ಬಹಳ ಬಿಗಿ. ಯಾರು ಯಾವ ಗುರಾಣಿ ಹಿಡಿಯಬಹುದೆಂದು ಕಟ್ಟುಪಾಡು ಮಾಡಿದ. ಸಿಂತ್ರಾ ಅರಮನೆಯಲ್ಲಿ ಲಾಂಛನಗಳಿಗೆಂದೇ ಒಂದು ಸಭಾಂಗಣ ಕಟ್ಟಿಸಿದ. ಮಾಳಿಗೆಯ ನಡುವೆ ರಾಜಲಾಂಛನ, ಸುತ್ತ ಅವನ ಮಕ್ಕಳವು, ಅದರ ಸುತ್ತ 72 ಗಣ್ಯ ಮನೆತನಗಳ ಗುರಾಣಿಗಳು, ಒಂದೊಂದನ್ನೂ ಒಂದು ಸಾರಂಗ ಹೊತ್ತಿದೆ. 1759ರಲ್ಲಿ ರಾಜನ ಕೊಲೆಯ ಯತ್ನದ ಆರೋಪದ ಮೇಲೆ ತಾವೊರಾ ಮನೆತನದ ಹಿರಿಯರನ್ನು ಕೊಂದಾಗ ಅವರ ಲಾಂಛನವನ್ನೂ ಅಲ್ಲಿಂದ ಅಳಿಸಿದರು. ಲಾಂಛನ ಅಳಿಸುವುದೆಂದರೆ ಮನೆತನವನ್ನೇ ಅಳಿಸಿದ ಹಾಗೆ ಎಂದು ಆ ಸಮಾಜ ಭಾವಿಸಿತ್ತು. ಲಾಂಛನ ನೋಡಿಕೊಳ್ಳುವ ಅಧಿಕಾರಿಗಳಲ್ಲಿ ಮೂರು ದರ್ಜೆ ಇದ್ದವು. ಹುದ್ದೆಗಳಿಗೆ ಊರು-ನಾಡುಗಳ ಹೆಸರು. ಮೇಲಿನ ದರ್ಜೆಯಲ್ಲಿ ಪೋರ್ಚುಗಲ್, ಅಲ್ಗಾರ್ವ್ ಜೊತೆಗೆ 'ಇಂಡಿಯಾ' ಎಂಬ ಹುದ್ದೆ, ಅದರ ಕೆಳಗೆ 'ಗೋವಾ', ಅದಕ್ಕೂ ಕೆಳಗೆ 'ಕೊಚ್ಚಿ'. ನಮ್ಮ ಕರಾವಳಿಯ ಹೆಸರುಗಳು ಲಿಸ್ಬನ್ನಿನ ಲಾಂಛನ ಕಚೇರಿಯಲ್ಲಿ ಹುದ್ದೆಗಳಾಗಿ ಕೂತಿದ್ದವು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು.

ಮುಂದಿನ ಗುರುತು ಕಿರೀಟ. 1557ರಲ್ಲಿ ಪಟ್ಟಕ್ಕೆ ಬಂದ ಸೆಬಾಸ್ಟಿಯನ್ ಕಾಲದವರೆಗೆ ಗುರಾಣಿಯ ಮೇಲೆ ಸಾಮಾನ್ಯವಾಗಿ ತೆರೆದ ಕಿರೀಟ, ಬಳೆಯ ಮೇಲೆ ಎಲೆಗಳು ಮಾತ್ರ. ಅವನಿಂದೀಚೆಗೆ ಮುಚ್ಚಿದ ಕಿರೀಟ: ಮೇಲೆ ಕಮಾನುಗಳು ಕೂಡಿ ನೆತ್ತಿಯಲ್ಲಿ ಗುಂಡು, ಗುಂಡಿನ ಮೇಲೆ ಶಿಲುಬೆ. 1578ರಲ್ಲಿ ಅವನು ಮೊರೊಕ್ಕೊದಲ್ಲಿ ಮಡಿದ. 1580ರಲ್ಲಿ ಗದ್ದುಗೆ ಸ್ಪೇನಿನ ಎರಡನೇ ಫಿಲಿಪ್‌ಗೆ ಹೋಯಿತು. ಸ್ಪೇನಿನ ದೊಡ್ಡ ಲಾಂಛನದಲ್ಲಿ ಪೋರ್ಚುಗಲ್ ಒಂದು ಪುಟ್ಟ ಗುರಾಣಿಯಾಗಿ ಮೇಲುಭಾಗದ ನಡುವೆ ಸೇರಿಕೊಂಡಿತು. ಪೋರ್ಚುಗಲ್ಲಿನಲ್ಲೂ ಅದರ ವಸಾಹತುಗಳಲ್ಲೂ ಹಳೆಯ ಗುರಾಣಿಯೇ ನಡೆಯಿತು. ಹೀಗಾಗಿ ಗೋವಾದ ಕಲ್ಲಿನಲ್ಲಿ ಸ್ಪೇನಿನ ಸಿಂಹ-ಕೋಟೆಗಳಿಲ್ಲ ಎಂಬ ಮಾತ್ರಕ್ಕೆ ಅದು 1580–1640ರ ನಡುವಿನದಲ್ಲ ಎನ್ನುವಂತಿಲ್ಲ.

1640ರ ಡಿಸೆಂಬರ್ 1ರಂದು ಸ್ಪೇನಿನ ಆಳ್ವಿಕೆ ಕಳಚಿ, ಬ್ರಗಾನ್ಸಾದ ಡ್ಯೂಕ್ ನಾಲ್ಕನೇ ಜುವಾಂವ್ ಎಂಬ ಹೆಸರಿನಲ್ಲಿ ರಾಜನಾದ. ಅವನ ಮನೆತನಕ್ಕೆ ಬೇರೆಯೇ ಲಾಂಛನವಿತ್ತು: ಬಿಳಿಯ ಮೇಲೆ ಕೆಂಪು ಗುಣಿಸು ಚಿಹ್ನೆಯಂಥ ಓರೆ ಶಿಲುಬೆ, ಅದರ ಮೇಲೆ ಐದು ಪುಟ್ಟ ಪೋರ್ಚುಗಲ್ ಗುರಾಣಿಗಳು. ಇದನ್ನು ರಾಜಲಾಂಛನ ಎಂದು ಅಚ್ಚು ಮಾಡುವುದುಂಟು. ಐದು ಗುರಾಣಿ ಕೂಡಿಸು ಚಿಹ್ನೆಯಂತೆ ಇದ್ದರೆ ರಾಜ್ಯದ್ದು, ಗುಣಿಸು ಚಿಹ್ನೆಯಂತೆ ಇದ್ದರೆ ಬ್ರಗಾನ್ಸಾ ಮನೆತನದ್ದು. ಪಟ್ಟವೇರಿದ ರಾಜ ಮನೆತನದ್ದನ್ನು ಬದಿಗಿಟ್ಟು ರಾಜ್ಯದ್ದನ್ನೇ ಹಿಡಿದ. 1646ರಲ್ಲಿ ಅವನು ಮಾತೆ ಮೇರಿಯನ್ನು ರಾಜ್ಯದ ಪಾಲಕಿಯೆಂದು ಘೋಷಿಸಿ ಕಿರೀಟ ಅವಳಿಗೆ ಒಪ್ಪಿಸಿದ. ಅಂದಿನಿಂದ ಪೋರ್ಚುಗಲ್ಲಿನ ಯಾವ ರಾಜನೂ ಕಿರೀಟ ತಲೆಗಿಡಲಿಲ್ಲ; ಭಾವಚಿತ್ರಗಳಲ್ಲಿ ಅದು ಪಕ್ಕದ ಮೇಜಿನ ಮೇಲೆ, ದಿಂಬಿನ ಮೇಲೆ ಇರುತ್ತದೆ. ಗುರಾಣಿಯ ಮೇಲೆ ಮಾತ್ರ ಎಂದಿನಂತೆ ಉಳಿಯಿತು.

ನೆಪೋಲಿಯನ್ ಸೈನ್ಯ ಬಂದಾಗ ಆಸ್ಥಾನ 1807ರ ನವೆಂಬರಿನಲ್ಲಿ ಬ್ರೆಜಿಲ್‌ಗೆ ಹೊರಟಿತು. 1815ರಲ್ಲಿ ಬ್ರೆಜಿಲ್ ಪೋರ್ಚುಗಲ್ ಜೊತೆಗಿನ ಸಂಯುಕ್ತ ರಾಜ್ಯದ ಅಂಗವಾಯಿತು. 1816ರ ಮೇ 13ರ ಕಾನೂನು ಪೋರ್ಚುಗಲ್ ಗುರಾಣಿಯನ್ನು ಚಿನ್ನದ ಗೋಲಯಂತ್ರದ ಮೇಲೆ ಕೂರಿಸಿ ಮೇಲೆ ಕಿರೀಟ ಇಟ್ಟಿತು. ಗೋಲ ಇಲ್ಲಿ ಬ್ರೆಜಿಲ್ಲಿನ ಗುರುತು. ಬ್ರೆಜಿಲ್ ಬೇರೆಯಾದ ಮೇಲೆ 1826ರಲ್ಲಿ ಗೋಲ ಹೋಯಿತು. 1830ರಲ್ಲಿ ನೀಲಿ-ಬಿಳಿ ಬಾವುಟ ಬಂತು, ನಡುವೆ ಕಿರೀಟದ ಗುರಾಣಿ. 1910ರ ಅಕ್ಟೋಬರ್ 5ರಂದು ರಾಜಪ್ರಭುತ್ವ ಬೀಳುವವರೆಗೆ ಅದೇ ಹಾರಿತು. ಗಣರಾಜ್ಯ ಗೋಲವನ್ನು ಮತ್ತೆ ತಂದು ಕಿರೀಟವನ್ನು ತೆಗೆಯಿತು. ಆದ್ದರಿಂದ ಗುರಾಣಿಯ ಹಿಂದೆ ಗೋಲ, ಮೇಲೆ ಕಿರೀಟ ಎರಡೂ ಇದ್ದರೆ ಬರೀ ಹತ್ತು ವರ್ಷಗಳ ಅವಧಿ, 1816ರಿಂದ 1826. ಗೋಲವಿದ್ದು ಕಿರೀಟವಿಲ್ಲದಿದ್ದರೆ 1911ರ ಮೇಲಿನದು, ರಾಜರಿಗೂ ಅದಕ್ಕೂ ಸಂಬಂಧವಿಲ್ಲ.

ಕಲ್ಲಿನ ಮುಂದೆ ನಿಂತಾಗ ಮೊದಲು ಕಿರೀಟ ನೋಡಿ, ಆಮೇಲೆ ಹಿಂದೆ ಗೋಲ ಇದೆಯೇ, ಪಕ್ಕದ ಗುರಾಣಿಗಳು ಹೇಗೆ ನಿಂತಿವೆ ಎಂದು ನೋಡಿ. ಕೋಟೆ ಎಣಿಸುವುದು ಕೊನೆಗೆ, ಏಕೆಂದರೆ ಜಾಗ ಸಾಲದಿದ್ದರೆ ಶಿಲ್ಪಿ ಕೋಟೆಗಳನ್ನು ಕಡಿಮೆ ಮಾಡುತ್ತಿದ್ದ. ಅದನ್ನೇ ನಂಬಿ ಕಾಲ ಕಟ್ಟಿದರೆ ತಪ್ಪುತ್ತದೆ. ವರ್ಷವರ್ಷ ಸುಣ್ಣ ಬಳಿದ ಗೋಡೆಯಲ್ಲಿ ಬಿಲ್ಲೆಗಳ ಸುತ್ತಿನ ಕುಳಿ ತುಂಬಿ ನೀಲಿ ಗುರಾಣಿ ಬೋಳಾಗಿ ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಇಲ್ಲವೇ ಸಂಜೆ ಓರೆ ಬೆಳಕಿನಲ್ಲಿ, ಅಥವಾ ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಹಾಯಿಸಿದರೆ ಉಬ್ಬುಗಳು ಏಳುತ್ತವೆ. ಸೀಮೆಸುಣ್ಣದಿಂದ ತೀಡಬೇಡಿ: ಕಲ್ಲಿಗೂ ಕೇಡು, ಇಲ್ಲದ ಗೆರೆ ನೀವೇ ಬರೆದ ಹಾಗೂ ಆಗುತ್ತದೆ. ದುರಸ್ತಿ ಮಾಡಿದ ಕಲ್ಲು ಇನ್ನೊಂದು ತೊಡಕು. ಹಳೆಗೋವಾದ ವೈಸರಾಯ್ ಕಮಾನನ್ನೇ 1954ರಲ್ಲಿ ಮರಳಿ ಕಟ್ಟಿದ್ದಾರೆ. ಆ ಕಮಾನಿನ ಜಿಂಕೆ ರಾಜನ ಗುರುತಲ್ಲ, ಗಾಮ ಮನೆತನದ್ದು. ಪೋರ್ಚುಗೀಸಿನಲ್ಲಿ 'ಗಾಮ' ಎಂದರೆ ಹೆಣ್ಣು ಜಿಂಕೆ. ಹಳೆಗೋವಾದ ವಸ್ತುಸಂಗ್ರಹಾಲಯದ ವೈಸರಾಯ್ ಭಾವಚಿತ್ರಗಳ ಮೂಲೆಯಲ್ಲಿ ಕಾಣುವ ಗುರಾಣಿಗಳೂ ಅವರವರ ಮನೆತನದವು. ಮೊನಚು ಅಲಗುಗಳಿರುವ ಚಕ್ರವನ್ನು ಗೋಲಯಂತ್ರ ಎಂದು ಬರೆಯುವುದೂ ಉಂಟು. ಅದು ಸಂತ ಕ್ಯಾಥರೀನಳ ಚಕ್ರ, ಗೋವಾ ವಶವಾದ ನವೆಂಬರ್ 25 ಅವಳ ಹಬ್ಬವಾದ್ದರಿಂದ ಆ ನಗರದ ಗುರುತಾಯಿತು.

ಬಣ್ಣವಿಲ್ಲದ ನಾಣ್ಯ, ಮುದ್ರಿತ ಕಾಗದಗಳಲ್ಲಿ ಗೆರೆಗಳೇ ಬಣ್ಣ. 17ನೇ ಶತಮಾನದಿಂದ ಬಂದ ರೂಢಿಯಂತೆ ಅಡ್ಡಗೆರೆ ನೀಲಿ, ಉದ್ದಗೆರೆ ಕೆಂಪು, ಚುಕ್ಕೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಅಂಚಿನಲ್ಲಿ ಉದ್ದಗೆರೆ, ಪುಟ್ಟ ಗುರಾಣಿಗಳಲ್ಲಿ ಅಡ್ಡಗೆರೆ ಕಂಡರೆ ಅದನ್ನು ಅಲಂಕಾರವೆಂದು ಚಿತ್ರದಿಂದ ತೆಗೆದುಹಾಕಬಾರದು. ಗೆರೆಗಳಿದ್ದ ಮಾತ್ರಕ್ಕೆ ಸಾಕು, ಆ ಕೆತ್ತನೆ 17ನೇ ಶತಮಾನಕ್ಕಿಂತ ಹಿಂದಿನದಲ್ಲ.

ನಿಮ್ಮ ಚಿತ್ರಕಾರರಿಗೆ ಒಂದು ಕೋರಿಕೆ. ಲಾಂಛನವನ್ನು ಒಂದು ಸೆಂಟಿಮೀಟರಿಗೆ ಕುಗ್ಗಿಸಿದರೆ 25 ಬಿಲ್ಲೆಗಳು ಅಚ್ಚಿನಲ್ಲಿ ಕಲೆಸಿಹೋಗುತ್ತವೆ. ಆಗ ಮೂರೋ ನಾಲ್ಕೋ ಇಟ್ಟು ಸುಧಾರಿಸುವ ಬದಲು ಚಿತ್ರವನ್ನು ದೊಡ್ಡದು ಮಾಡಿ, ಜಾಗವಿಲ್ಲದಿದ್ದರೆ ಬಿಟ್ಟುಬಿಡಿ. ಬೆಳ್ಳಿಗೆ ಬೂದು ಬಣ್ಣ ಬೇಡ, ಕಾಗದದ ಬಿಳಿಯೇ ಸರಿ.

ಗಾಮನ ಹಡಗಿನ ಚಿತ್ರ ಬರೆಸುವಾಗ ಹಾಯಿಯ ಮೇಲೆ ಕ್ರಿಸ್ತ ಪಂಥದ ಕೆಂಪು ಶಿಲುಬೆ ಇರಲಿ, ಅದರೊಳಗೆ ತೆಳುವಾದ ಬಿಳಿ ಶಿಲುಬೆ. ಬಾವುಟದ ಬಯಲು ಬಿಳಿ. ನಡುವೆ ರಾಜನ ಗುರಾಣಿ, ಮೇಲೆ ತೆರೆದ ಕಿರೀಟ. ಐದು ನೀಲಿ ಗುರಾಣಿಗಳೂ ನೆಟ್ಟಗೆ ನಿಂತಿರಲಿ, ಏಕೆಂದರೆ 1485 ಕಳೆದು ಹದಿಮೂರು ವರ್ಷವಾಗಿತ್ತು. ಕೆಂಪು ಅಂಚಿನಲ್ಲಿ ಕೋಟೆಗಳು ಏಳೇ ಇರಬೇಕೆಂದಿಲ್ಲ. ಹಸಿರು ಲಿಲ್ಲಿ ಬೇಡ, ಗುರಾಣಿಯ ಹಿಂದೆ ಗೋಲವೂ ಬೇಡ.

ಇಂತಿ,
ಹಳೆಯ ನಾಣ್ಯ ಮತ್ತು ಲಾಂಛನಗಳ ಅಭ್ಯಾಸಿಗಳಾದ ನಿಮ್ಮ ಓದುಗರು